ಗುಡ್ಡದ ಗೇಟಿನ ಫಲಕ

ಕ್ಯಾನ್‌ಬೆರಾದಲ್ಲಿ ಮತ್ತೆ ಚಳಿಗಾಲ. ಮನೆಯ ಹಿಂದಿನ ಮೀಸಲು ಗುಡ್ಡದ ಗೇಟಿಗೆ ಫಲಕ ತೂಗುಹಾಕಿದ್ದಾರೆ: ಕಾಂಗರೂಗಳ ಸಂಖ್ಯೆ ತಗ್ಗಿಸುವ ಕೆಲಸವಿದೆ, ರಾತ್ರಿ ಒಳಗೆ ಬರಬೇಡಿ.

ಇಲ್ಲಿ ಕಾಂಗರೂ ಸಂರಕ್ಷಿತ ಪ್ರಾಣಿ. ಪರವಾನಗಿ ಇಲ್ಲದೆ ಕೊಂದರೆ ಅಪರಾಧ. ಆದರೂ 2009ರಿಂದ ಸರ್ಕಾರವೇ ಬಹುತೇಕ ಪ್ರತಿವರ್ಷ ಎಣಿಕೆ ಮಾಡಿ ಕೊಲ್ಲಿಸುತ್ತಿದೆ. ಹುಲ್ಲು ಬುಡದವರೆಗೂ ಮೇಯ್ದುಹೋದರೆ ಅದರ ಮರೆಯಲ್ಲೇ ಬದುಕುವ, ಕಿವಿಯಿಲ್ಲದ, ಬೆರಳುದ್ದದ ಓತಿಗೆ ನೆಲೆಯಿಲ್ಲ. ಅದು ಈಗಾಗಲೇ ಅಳಿವಿನ ಅಂಚಿನಲ್ಲಿದೆ. ಈ ಕಾರಣವನ್ನು ನಾನು ಒಪ್ಪುತ್ತೇನೆ.

ನಿಯಮಾವಳಿಯ ಒಂದು ಮಾತು ಮಾತ್ರ ನನ್ನನ್ನು ಬಿಡುವುದಿಲ್ಲ. ಗುಂಡು ನೇರ ಮಿದುಳಿಗೇ ತಗಲಬೇಕು, ಸರಿ. ಸತ್ತದ್ದು ಹೆಣ್ಣಾದರೆ ಚೀಲಕ್ಕೆ ಕೈಹಾಕಿ ನೋಡಬೇಕು; ಮರಿಯಿದ್ದರೆ ಅದನ್ನೂ ಅಲ್ಲೇ, ತಡಮಾಡದೆ ಕೊಲ್ಲಬೇಕು. ಹಸಿವಿನಿಂದ, ಚಳಿಯಿಂದ ನರಳಿ ಸಾಯದಿರಲಿ ಎಂಬ ಕರುಣೆಯಿಂದಲೇ ಬರೆದ ನಿಯಮವದು. ಬಿಸಿ ಆರದ ಆ ಚೀಲದೊಳಗೆ ಇಳಿಯುವ ಕೈಯನ್ನು ನೆನೆದರೆ ನನಗೆ ಈಗಲೂ ಕರುಳು ಹಿಂಡಿದಂತಾಗುತ್ತದೆ.

ಇಂದು ಸಂಜೆ ಬೇಲಿಯಾಚೆ ಒಂದು ತಾಯಿ ಮೇಯುತ್ತಿತ್ತು. ಚೀಲದಿಂದ ಉದ್ದನೆಯ ಕಾಲೊಂದು ಹೊರಗೆ ಚಾಚಿಕೊಂಡಿತ್ತು. ಕತ್ತಲಾಗುವವರೆಗೂ ನಾನು ಅಲ್ಲೇ ನಿಂತಿದ್ದೆ.