ಮಗು ಬೆಳೆದ್ಮೇಲೆ ಹಾರ್ಟಲ್ಲಿರೋ ಡಿವೈಸ್ ಚಿಕ್ಕದಾಗಲ್ವಾ?

ನಾನು ಹಾರ್ಟ್ ಒಳಗಿನ ತೂತು ಮುಚ್ಚೋ ಡಿವೈಸ್ ಡಿಸೈನ್ ಮಾಡೋ ಇಂಜಿನಿಯರ್ ಅಂತ ಗೊತ್ತಾದ್ರೆ ಸಾಕು, ಮದುವೆಮನೆ ಪಂಕ್ತೀಲಿ ಕೂತಿದ್ರೂ ಸರಿ, ವಾಟ್ಸಾಪಲ್ಲಾದ್ರೂ ಸರಿ, ಬರೋ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಅಲ್ಲಪ್ಪಾ, ನಾಲ್ಕು ವರ್ಷದ ಮಗೂಗೆ ಹಾಕ್ತಾರೆ, ಅದು ನಾಳೆ ಆರಡಿ ಬೆಳೆಯತ್ತೆ, ಆಗ ಈ ಡಿವೈಸ್ ಚಿಕ್ಕದಾಗಲ್ವಾ? ಬಿಚ್ಚಿ ದೊಡ್ಡದು ಹಾಕ್ಬೇಕಾ?" ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೀತಿದ್ದೀನಿ, ಇನ್ಮೇಲೆ ಲಿಂಕ್ ಕಳಿಸ್ತೀನಿ ಅಷ್ಟೆ.

ಎಎಸ್‌ಡಿ ವಿಷ್ಯದಲ್ಲಿ, ಅಂದ್ರೆ ಹಾರ್ಟಿನ ಮೇಲಿನ ಎರಡು ಕೋಣೆ ಮಧ್ಯದ ಗೋಡೇಲಿ ಇರೋ ತೂತಿನ ವಿಷ್ಯದಲ್ಲಿ, ಉತ್ತರ ಸುಲಭ: ಬೇಕಾಗಲ್ಲ. ಡಿವೈಸ್ ಹಾಕಿದ ಮೂರರಿಂದ ಆರು ತಿಂಗಳಲ್ಲಿ ಅದರ ಮೇಲೆ ಮಗುವಿನದೇ ಟಿಶ್ಯೂ ಹಬ್ಬಿ ಮುಚ್ಚಿಬಿಡತ್ತೆ, ಆಮೇಲೆ ಅದು ಗೋಡೆಯ ಒಂದು ಭಾಗ. ಸುತ್ತಲಿನ ಗೋಡೆ ಮಗು ಜೊತೆ ಬೆಳೆಯತ್ತೆ, ಒಳಗಿರೋ ಡಿವೈಸ್ ಅಷ್ಟೇ ಇರತ್ತೆ, ಬೆಳೆಯೋಕೆ ತೂತೇ ಉಳಿದಿರಲ್ಲ. ಆರು ತಿಂಗಳು ಆಸ್ಪಿರಿನ್ ಕೊಡೋದೂ ಇದಕ್ಕೇ, ಟಿಶ್ಯೂ ಹಬ್ಬೋವರೆಗೆ ಅದರ ಮೇಲೆ ರಕ್ತ ಹೆಪ್ಪುಗಟ್ಟಬಾರದು.

ಆದ್ರೆ ನಮ್ಮ ತಲೆ ತಿನ್ನೋದು ಬೆಳವಣಿಗೆ ಅಲ್ಲ, ತೂತಿನ ಶೇಪು. ಎಲ್ಲರೂ ಕಾಂಪಸ್ ಇಟ್ಟು ಗೀಚಿದ ಹಾಗೆ ದುಂಡಗಿನ ತೂತು ಅಂದ್ಕೊಂಡಿರ್ತಾರೆ, ನಿಜಕ್ಕೂ ಅದು ಮೊಟ್ಟೆ ಶೇಪಲ್ಲಿರಬಹುದು, ಒಂದರ ಬದಲು ಎರಡು ಮೂರು ಇರಬಹುದು, ಒಂದು ಕಡೆ ಅಂಚೇ ಇಲ್ಲದೆ ಇರಬಹುದು, ಜೊತೆಗೆ ಹಾರ್ಟ್ ಬಡಿತಾ ಇರೋದ್ರಿಂದ ಪ್ರತಿ ಬಡಿತಕ್ಕೂ ಅಳತೆ ಬದಲಾಗ್ತಾ ಇರತ್ತೆ. ಇದಕ್ಕೆಲ್ಲ ಹೊಂದ್ಕೊಳ್ಳೋದು ಹೇಗೆ ಅನ್ನೋದೇ ನಿಜವಾದ ಡಿಸೈನ್ ಪ್ರಶ್ನೆ, ಅದನ್ನ ಮಾತ್ರ ಯಾರೂ ಕೇಳಲ್ಲ.

ಸರ್ಜರಿ ಇಲ್ಲದೆ ಕ್ಯಾಥೆಟರಿಂದ, ಅಂದ್ರೆ ರಕ್ತನಾಳದೊಳಗೆ ಕಳಿಸೋ ಕೊಳವೆಯಿಂದ, ಎಎಸ್‌ಡಿ ಮುಚ್ಚಿದ್ದು ಮೊದಲು 1975ರಲ್ಲಿ, ಅಮೆರಿಕದ ಕಿಂಗ್ ಮತ್ತು ಮಿಲ್ಸ್ ಅನ್ನೋ ಇಬ್ಬರು ಡಾಕ್ಟ್ರು, 17 ವರ್ಷದ ಹುಡುಗಿಗೆ. ಐಡಿಯಾ ಸರಿ ಇತ್ತು, ಆದ್ರೆ ಒಳಗೆ ಕಳಿಸೋ ಕೊಳವೆ ವಿಪರೀತ ದಪ್ಪ, ಸಣ್ಣ ಮಕ್ಕಳಿಗೆ ಆಗ್ತಿರಲಿಲ್ಲ. ಆಟ ಬದಲಾಯಿಸಿದ್ದು ಕರ್ಟ್ ಆಂಪ್ಲಾಟ್ಸ್, ಆಸ್ಟ್ರಿಯಾದಲ್ಲಿ ಹುಟ್ಟಿ ಮಿನೆಸೋಟ ಯೂನಿವರ್ಸಿಟೀಲಿ ಕೆಲಸ ಮಾಡಿದ ರೇಡಿಯಾಲಜಿಸ್ಟ್. ಅವರ ಆಂಪ್ಲಾಟ್ಸರ್ ಡಿವೈಸ್‌ಗೆ ಅಮೆರಿಕದ ಔಷಧಿ, ಡಿವೈಸ್‌ಗಳಿಗೆ ಒಪ್ಪಿಗೆ ಕೊಡೋ ಸರ್ಕಾರಿ ಸಂಸ್ಥೆ ಎಫ್‌ಡಿಎ 2001ರ ಡಿಸೆಂಬರಲ್ಲಿ ಒಪ್ಪಿಗೆ ಕೊಡ್ತು, ಇವತ್ತು ಬರೋ ಎಷ್ಟೋ ಡಿವೈಸ್ ಅದರದೇ ತಮ್ಮ ತಂಗಿಯರು.

ಅದನ್ನ ಮಾಡೋದು ನಿಟಿನಾಲ್ ತಂತಿಯಿಂದ, ಅಂದ್ರೆ ನಿಕ್ಕಲ್ ಮತ್ತೆ ಟೈಟಾನಿಯಂ ಸೇರಿದ ಲೋಹ. 0.1ರಿಂದ 0.2 ಮಿಲಿಮೀಟರ್ ದಪ್ಪದ ತಂತಿಗಳನ್ನ ಕೊಳವೆ ಥರ ಹೆಣೀತಾರೆ. ಪೈಜಾಮದ ಟೊಳ್ಳು ಲಾಡಿ ನೋಡಿದ್ದೀರಲ್ಲ, ಎಳೆದ್ರೆ ಉದ್ದ ಆಗಿ ಸಪೂರ ಆಗತ್ತೆ, ತಳ್ಳಿದ್ರೆ ಗಿಡ್ಡ ಆಗಿ ಅಗಲ ಆಗತ್ತೆ, ಅದೇ ಕಥೆ. ಈ ಹೆಣಿಗೇನ ಅಚ್ಚಿಗೆ ಕೂರಿಸಿ ಸುಮಾರು 500 ಡಿಗ್ರಿ ಫರ್ನೇಸಲ್ಲಿ ಕೆಲವು ನಿಮಿಷ ಇಟ್ಟು ತೆಗೆದು ನೀರಿಗೆ ಹಾಕಿದ್ರೆ ಆ ಆಕಾರ ಅದಕ್ಕೆ ಬಾಯಿಪಾಠ: ಎರಡು ಕಡೆ ಎರಡು ತಟ್ಟೆ, ಮಧ್ಯದಲ್ಲಿ ಸೊಂಟ. ಸೊಂಟ ತೂತಿನಲ್ಲಿ ಕೂರತ್ತೆ, ತಟ್ಟೆಗಳು ಗೋಡೆಯ ಆಚೆ ಈಚೆ. ಐಸ್ ನೀರಲ್ಲಿ ಅದ್ದಿದ್ರೆ ಮೆತ್ತಗಾಗಿ ಹಿಚುಕಿದ ಹಾಗೆ ಉಳಿಯತ್ತೆ, 37 ಡಿಗ್ರಿ ನೀರಿಗೆ ಹಾಕಿದ್ರೆ ಟಪ್ ಅಂತ ವಾಪಸ್ ಬರತ್ತೆ. ಎಷ್ಟು ವರ್ಷ ಆದ್ರೂ ಇದನ್ನ ನೋಡೋಕೆ ಬೇಜಾರಾಗಲ್ಲ ನನಗೆ.

ಹಾಗಾಗಿ 20 ಮಿಲಿಮೀಟರ್ ಸೊಂಟದ ಡಿವೈಸ್‌ನ ಎಡ ತಟ್ಟೆ 34 ಮಿಲಿಮೀಟರ್ ಅಗಲ ಇದ್ರೂ ಎಳೆದು ಸಪೂರ ಮಾಡಿ ಮೂರು ನಾಲ್ಕು ಮಿಲಿಮೀಟರ್ ಕೊಳವೇಲಿ ತೊಡೆಸಂದಿನ ರಕ್ತನಾಳದಿಂದ ಹಾರ್ಟ್‌ವರೆಗೆ ಕಳಿಸಬಹುದು. ಎಡ ಕೋಣೇಲಿ ಮೊದಲು ಎಡ ತಟ್ಟೆ ಬಿಚ್ಚಿ ಗೋಡೆಗೆ ಎಳೀತಾರೆ, ಆಮೇಲೆ ಸೊಂಟ, ಆಮೇಲೆ ಬಲ ತಟ್ಟೆ, ಎಕೋದಲ್ಲಿ (ಹಾರ್ಟಿನ ಸ್ಕ್ಯಾನ್) ನೋಡ್ತಾ ಮೆಲ್ಲಗೆ ಹಿಂದೆ ಮುಂದೆ ಅಲ್ಲಾಡಿಸಿ ಕಿತ್ತು ಬರಲ್ಲ ಅಂತ ಗ್ಯಾರಂಟಿ ಆದ್ಮೇಲೇ ಕೇಬಲ್ ಸ್ಕ್ರೂ ಬಿಚ್ಚೋದು. ಬಿಚ್ಚೋವರೆಗೆ ಸರಿ ಅನ್ನಿಸದಿದ್ರೆ ವಾಪಸ್ ಕೊಳವೆ ಒಳಗೆ ಎಳ್ಕೋಬಹುದು. ನನ್ನ ಪ್ರಕಾರ ಈ ಡಿವೈಸ್‌ನ ಅತಿ ದೊಡ್ಡ ಗುಣ ಇದೇ.

ಕಷ್ಟ ಎಲ್ಲಿ ಅಂದ್ರೆ ಸೊಂಟದಲ್ಲಿ. ಆಂಪ್ಲಾಟ್ಸರಲ್ಲಿ ಸೊಂಟದ ಅಳತೆ ಫಿಕ್ಸ್, 4ರಿಂದ 20 ಮಿಲಿಮೀಟರ್‌ವರೆಗೆ ಒಂದೊಂದು ಮಿಲಿಮೀಟರಿಗೆ ಒಂದು ಸೈಜು, ಆಮೇಲೆ 38ರವರೆಗೆ ಎರಡೆರಡಕ್ಕೆ. ಮುಂಚೆ ತೂತೊಳಗೆ ಬಲೂನ್ ಜೋರಾಗಿ ಊದಿ, ತೂತು ಹಿಗ್ಗಿದ ಅಳತೆ ತಗೊಂಡು, ಬಿದ್ದು ಹೋಗದಿರಲಿ ಅಂತ ಇನ್ನೂ ಸ್ವಲ್ಪ ದೊಡ್ಡದೇ ಹಾಕೋ ಅಭ್ಯಾಸ ಇತ್ತು. ಆಮೇಲೆ ಗೊತ್ತಾಯ್ತು, ದೊಡ್ಡ ಸೈಜ್ ಹಾಕಿದ್ರೆ, ಅದ್ರಲ್ಲೂ ಮಹಾಧಮನಿ ಕಡೆ ಅಂಚು ಇಲ್ಲದಿದ್ರೆ, ತಟ್ಟೆಯ ತುದಿ ಹಾರ್ಟಿನ ಗೋಡೇನ ಉಜ್ಜಿ ಉಜ್ಜಿ ಸವೆಸಬಹುದು. ಅಪರೂಪ, ಸಾವಿರಕ್ಕೆ ಒಂದರಿಂದ ಮೂರು ಅಂತ ಲೆಕ್ಕ, ಆದ್ರೆ ಹಾಗಾಯ್ತು ಅಂದ್ರೆ ಜೀವಕ್ಕೇ ಅಪಾಯ. ಈಗ ಬಲೂನನ್ನ ಎಕೋದಲ್ಲಿ ರಕ್ತದ ಹರಿವು ನಿಲ್ಲೋ ತನಕ ಮಾತ್ರ ಊದ್ತಾರೆ, ಅದಕ್ಕಿಂತ ಒಂದು ಚೂರೂ ಜಾಸ್ತಿ ಇಲ್ಲ.

ಡಿಸೈನಿನವರು ಕಂಡ್ಕೊಂಡ ಇನ್ನೊಂದು ದಾರಿ, ಸೊಂಟ ಫಿಕ್ಸ್ ಮಾಡೋದೇ ಬೇಡ ಅನ್ನೋದು. ಗೋರ್ ಕಂಪನಿಯ ಕಾರ್ಡಿಯೋಫಾರ್ಮ್ ಎಎಸ್‌ಡಿ ಆಕ್ಲೂಡರ್ (ಆಕ್ಲೂಡರ್ ಅಂದ್ರೆ ತೂತು ಮುಚ್ಚೋ ಡಿವೈಸ್), ಎಫ್‌ಡಿಎ ಒಪ್ಪಿದ್ದು 2019ರಲ್ಲಿ, ತಂತಿ ಚೌಕಟ್ಟಿನ ಮೇಲೆ ಇಪಿಟಿಎಫ್‌ಇ ಅನ್ನೋ ಪ್ಲಾಸ್ಟಿಕ್ಕಿನ ಮೆತ್ತಗಿನ ಹೊದಿಕೆ, ಸೊಂಟ ತೂತು ಹೇಗಿದ್ಯೋ ಹಾಗೆ ತುಂಬಿಕೊಳ್ಳತ್ತೆ, ಮೊಟ್ಟೆ ಶೇಪಾದ್ರೆ ಮೊಟ್ಟೆ ಶೇಪು. ಬರೀ ಐದು ಸೈಜಲ್ಲಿ 8ರಿಂದ 35 ಮಿಲಿಮೀಟರ್‌ವರೆಗಿನ ತೂತು ಮುಚ್ಚತ್ತೆ, ಆಸ್ಪತ್ರೆಯವರು ಇಪ್ಪತ್ತಾರು ಸೈಜ್ ಸ್ಟಾಕ್ ಇಟ್ಕೊಳ್ಳೋದು ತಪ್ಪತ್ತೆ. ಆದ್ರೆ ಪುಕ್ಕಟೆ ಏನೂ ಸಿಗಲ್ಲ: ಕೆಲವು ಪೇಷೆಂಟ್‌ಗಳಲ್ಲಿ ಚೌಕಟ್ಟಿನ ತಂತಿ ಮುರಿದಿರೋದು ಎಕ್ಸ್‌ರೇಲಿ ಕಂಡಿದೆ, ಅದರಿಂದ ತೊಂದ್ರೆ ಆಗಿಲ್ಲ ಅಂತ ಸ್ಟಡಿ ಹೇಳತ್ತೆ, ಆದ್ರೂ ಇಂಜಿನಿಯರ್ ಹೊಟ್ಟೇಲಿ ಖಾರ ಕಲಸಿದ ಹಾಗಾಗತ್ತೆ. ಹಾರ್ಟು ವರ್ಷಕ್ಕೆ ಹತ್ತಿರ ಹತ್ತಿರ 4 ಕೋಟಿ ಸಲ ಬಡಿಯತ್ತೆ, ಅದಕ್ಕೇ ಲ್ಯಾಬಲ್ಲಿ 40 ಕೋಟಿ ಸಲ ಬಗ್ಗಿಸಿ ನೋಡೋದು, ಅಂದ್ರೆ ಹತ್ತು ವರ್ಷದ ಲೆಕ್ಕ. ಮೆತ್ತಗಿದ್ರೆ ಹೊಂದ್ಕೊಳ್ಳತ್ತೆ ಆದ್ರೆ ಹಿಡಿತ ಕಮ್ಮಿ, ಗಟ್ಟಿ ಇದ್ರೆ ಅಲ್ಲಾಡಲ್ಲ ಆದ್ರೆ ಒತ್ತತ್ತೆ. ನಾನು ಮೆತ್ತಗಿನ ಪಾರ್ಟಿ.

ಕೆಳಗಿನ ಕೋಣೆಗಳ ಮಧ್ಯದ ತೂತಲ್ಲಿ, ವಿಎಸ್‌ಡಿ ಅಂತಾರಲ್ಲ, ಈ ಮೆತ್ತಗೆ-ಗಟ್ಟಿ ಜಗಳ ಇನ್ನೂ ಎದ್ದು ಕಾಣತ್ತೆ. ಅದರ ಪಕ್ಕದಲ್ಲೇ ಹಾರ್ಟಿನ ಕರೆಂಟ್ ಲೈನ್ ಹೋಗತ್ತೆ, ಮೊದಮೊದಲ ಡಿವೈಸ್‌ಗಳು ಅದನ್ನ ಒತ್ತಿ ಕೆಲವು ಮಕ್ಕಳಿಗೆ ಹಾರ್ಟ್ ಬ್ಲಾಕ್ (ರಕ್ತನಾಳದ ಬ್ಲಾಕ್ ಅಲ್ಲ, ಬಡಿತದ ಕರೆಂಟ್ ಕೆಳಗೆ ಹೋಗದೆ ನಿಲ್ಲೋದು) ಆಗಿ ಪೇಸ್‌ಮೇಕರ್ ಹಾಕ್ಬೇಕಾಯ್ತು. ಆಮೇಲೆ ಬಂದವು ಮೆತ್ತಗಾದವು.

ನಿಜವಾಗ್ಲೂ ಬೆಳೆಯೋ ಇಂಪ್ಲಾಂಟ್ ಬೇಕಿರೋದು ಬೇರೆ ಕಡೆ: ಕವಾಟದ ಸುತ್ತ ಹಾಕೋ ರಿಂಗು, ಕಿರಿದಾದ ರಕ್ತನಾಳಕ್ಕೆ ಹಾಕೋ ಸ್ಟೆಂಟು. ಅಲ್ಲಿ ನೀವು ಕೇಳೋ ಪ್ರಶ್ನೆ ನೂರಕ್ಕೆ ನೂರು ಸರಿ. ಸ್ಟೆಂಟನ್ನ ಮಗು ದೊಡ್ಡದಾದ ಹಾಗೆ ಬಲೂನಿಂದ ಮತ್ತೆ ಹಿಗ್ಗಿಸ್ತಾರೆ. 2017ರಲ್ಲಿ ಬಾಸ್ಟನ್ ಮಕ್ಕಳ ಆಸ್ಪತ್ರೆಯವರು ಇರೋ ತಂಡ ಒಂದು ರಿಂಗ್ ತೋರಿಸ್ತು, ಹೆಣೆದ ಕೊಳವೆಯ ಒಳಗೆ ನಿಧಾನಕ್ಕೆ ಕರಗೋ ತಿರುಳು; ತಿರುಳು ಕರಗ್ತಾ ಹೆಣಿಗೆ ಸಪೂರ ಆಗಿ ಉದ್ದ ಆಗತ್ತೆ, ರಿಂಗ್ ತಾನೇ ಬೆಳೆಯತ್ತೆ. ಆಗ ಪರೀಕ್ಷೆ ಆಗಿದ್ದು ಪ್ರಾಣಿಗಳಲ್ಲಿ, ಆದ್ರೂ ಓದಿದಾಗ ಹೊಟ್ಟೆಕಿಚ್ಚಾಯ್ತು, ನಮಗೆ ಯಾಕೆ ಹೊಳೀಲಿಲ್ಲ ಅಂತ.

ನಮ್ಮ ಕಡೆ ಏನೂ ಆಗ್ತಿಲ್ವಾ ಅಂತ ಕೇಳೋರಿಗೆ: ತಿರುವನಂತಪುರದ ಶ್ರೀ ಚಿತ್ರಾ ವೈದ್ಯಕೀಯ ಸಂಸ್ಥೆ ಎಎಸ್‌ಡಿ ಆಕ್ಲೂಡರ್ ಮಾಡಿ 2020ರಲ್ಲಿ ಟೆಕ್ನಾಲಜೀನ ಪುಣೆಯ ಬಯೋರಾಡ್ ಮೆಡಿಸಿಸ್‌ಗೆ ಕೊಟ್ಟಿತು, ಅದಕ್ಕೆ ನಿಟಿನಾಲ್ ವಿದ್ಯೆ ಹೋಗಿದ್ದು ನಮ್ಮ ಬೆಂಗಳೂರಿನ ಎನ್‌ಎಎಲ್‌ನಿಂದ, ಹೌದು, ವಿಮಾನದ ಕೆಲಸ ಮಾಡೋ ಅದೇ ಎನ್‌ಎಎಲ್.

ನಿಮ್ಮ ಮನೆ ಮಗೂಗೆ ಡಿವೈಸ್ ಅಂತ ಹೇಳಿದ್ರೆ ಸೈಜ್ ಬೆಳೆಯತ್ತಾ ಅಂತ ಕೇಳೋ ಬದಲು ತೂತಿನ ಸುತ್ತ ರಿಮ್, ಅಂದ್ರೆ ಅಂಚು, ಹೇಗಿದೆ ಅಂತ ಕೇಳಿ. ಕೆಲವು ಜಾಗದ ತೂತುಗಳಿಗೆ ಈ ಡಿವೈಸ್ ಆಗಲ್ಲ, ಕೆಳಗಿನ ಅಂಚು ಇಲ್ಲದಿದ್ರೆ ಕೂರೋಕೆ ಜಾಗವೇ ಇರಲ್ಲ, ಆಗ ಡಾಕ್ಟ್ರು ಆಪರೇಷನ್ ಅಂದ್ರೆ ಡಿವೈಸ್ ಹಾಕಿ ಅಂತ ಹಟ ಹಿಡೀಬೇಡಿ. ನಿಕ್ಕಲ್ ಅಲರ್ಜಿ ಇದ್ರೆ ಮೊದಲೇ ಹೇಳಿ. ಎಂಆರ್‌ಐ ಮಾಡಿಸಬಹುದಾ ಅಂದ್ರೆ ಸಾಮಾನ್ಯವಾಗಿ ಮಾಡಿಸಬಹುದು, ಡಿವೈಸ್ ಕಾರ್ಡ್ ಕೊಟ್ಟಿರ್ತಾರೆ, ಅದನ್ನ ತೋರಿಸಿ.