"ಆ ಯೂನಿವರ್ಸಿಟಿ ಒಳ್ಳೇದಾ?" ಅಂತ ಕೇಳುವವರಿಗೆ

ಪ್ಲಸ್ ಟು ರಿಸಲ್ಟ್ ಬಂದ ಮರುದಿನದಿಂದ ನಮ್ಮ ಅಕ್ಷಯ ಸೆಂಟರಿನಲ್ಲಿ (ಕೇರಳ ಸರ್ಕಾರದ ಆನ್‌ಲೈನ್ ಸೇವಾ ಕೇಂದ್ರ) ಕರೆಂಟ್ ಬಿಲ್ ಕಟ್ಟುವವರಿಗೆ ನಿಲ್ಲಲಿಕ್ಕೂ ಜಾಗ ಇರುದಿಲ್ಲ. ಒಂದು ಕಡೆ ಕಣ್ಣೂರು ಯೂನಿವರ್ಸಿಟಿಯ ಅರ್ಜಿ, ಇನ್ನೊಂದು ಕಡೆ ನೇಟಿವಿಟಿ, ಇನ್‌ಕಮ್ ಸರ್ಟಿಫಿಕೇಟು, ಇದರ ಮಧ್ಯೆ ಯಾರಾದ್ರೂ ಒಬ್ರು ಅಪ್ಪನೋ ಅಮ್ಮನೋ ಬೆಂಚಲ್ಲಿ ಸುಮ್ಮನೆ ಕೂತಿರ್ತಾರೆ, ರಶ್ ಕಮ್ಮಿ ಆಗ್ಲಿ ಅಂತ ಕಾಯುದು. ಕಮ್ಮಿ ಆದ ಮೇಲೆ ತೊಟ್ಟೆಯಿಂದ ಮಿರಮಿರ ಮಿಂಚುವ ಬ್ರೋಷರ್ ಒಂದು ತೆಗೆದು ಕೌಂಟರ್ ಮೇಲೆ ಇಡ್ತಾರೆ. ಪ್ರಶ್ನೆ ಎಲ್ಲರದ್ದೂ ಒಂದೇ. "ಅಣ್ಣಾ, ಈ ಪ್ರೈವೇಟ್ ಯೂನಿವರ್ಸಿಟಿ ಒಳ್ಳೇದಾ? ಮಗಳನ್ನು ಸೇರಿಸ್ಬಹುದಾ?"

ನಾನು ಪ್ರೊಫೆಸರ್ ಅಲ್ಲ ಮಾರಾಯ್ರೆ. ಕನ್ನಡ ಮೀಡಿಯಮ್ಮಲ್ಲಿ ಓದಿ, ಕಾಸರಗೋಡು ಗವರ್ನಮೆಂಟ್ ಕಾಲೇಜಲ್ಲಿ ಡಿಗ್ರಿ ಮಾಡಿ, ಸುಮಾರು ವರ್ಷದಿಂದ ಬದಿಯಡ್ಕದ ಹತ್ತಿರ ಅಕ್ಷಯ ನಡೆಸಿಕೊಂಡು ಇರುವವ. ಆದ್ರೆ ಒಂದು ವಿಷಯ ಉಂಟು, ಜೂನಲ್ಲಿ ಸೇರ್ಲಿಕ್ಕೆ ಅರ್ಜಿ ತುಂಬಿಸುವವನೂ ನಾನೇ, ಕೆಲವರದ್ದು ಡಿಸೆಂಬರಲ್ಲಿ "ಟಿಸಿ ವಾಪಸ್ ಕೊಡಿ" ಅಂತ ಲೆಟರ್ ಟೈಪ್ ಮಾಡುವವನೂ ನಾನೇ. ಹೋದ ದಾರಿಯೂ ಬಂದ ದಾರಿಯೂ ಎರಡೂ ನನ್ನ ಕಂಪ್ಯೂಟರಿನಲ್ಲೇ ಉಂಟು. ಹಾಗಾಗಿ ಹೇಳ್ತೇನೆ.

ಮೊದಲು ಒಂದು ಚಿಕ್ಕ ವಿಷಯ ಮುಗಿಸುವ. ನಮ್ಮಲ್ಲಿ ಜನ ದುಡ್ಡು ತೆಕ್ಕೊಳ್ಳುವ ಕಾಲೇಜಿಗೆಲ್ಲ ಪ್ರೈವೇಟ್ ಯೂನಿವರ್ಸಿಟಿ ಅಂತಾರೆ. ಹಾಗಲ್ಲ. ರಾಜ್ಯದ ವಿಧಾನಸಭೆ ಪ್ರತ್ಯೇಕ ಕಾನೂನು ಮಾಡಿ ಹುಟ್ಟಿಸಿದ್ದು ಪ್ರೈವೇಟ್ ಯೂನಿವರ್ಸಿಟಿ, ಮಂಗಳೂರಿನ ಶ್ರೀನಿವಾಸ ಯೂನಿವರ್ಸಿಟಿ ಆ ತರದ್ದು. ಯೂನಿವರ್ಸಿಟಿಗಳನ್ನು ನೋಡಿಕೊಳ್ಳುವ ಯುಜಿಸಿಯ ಶಿಫಾರಸಿನಿಂದ ಕೇಂದ್ರ ಸರ್ಕಾರ ಮಾನ್ಯತೆ ಕೊಟ್ಟದ್ದು ಡೀಮ್ಡ್, ನಾವೆಲ್ಲ ಆಸ್ಪತ್ರೆ ಅಂತ ಓಡುವ ದೇರಳಕಟ್ಟೆಯ ನಿಟ್ಟೆ, ಯೆನೆಪೋಯ ಎರಡೂ 2008ರಿಂದ ಡೀಮ್ಡ್, ಮಣಿಪಾಲ 1993ರಿಂದ. ಕೇರಳದಲ್ಲಿ ಪ್ರೈವೇಟ್ ಯೂನಿವರ್ಸಿಟಿ ಅನ್ನುವ ಮಾತೇ ಇರ್ಲಿಲ್ಲ, 2025ರ ಮಾರ್ಚಲ್ಲಿ ಮಾತ್ರ ಅದಕ್ಕೆ ಬಿಲ್ ಪಾಸಾದದ್ದು. ಹಾಗಾಗಿ ನಮ್ಮವರಿಗೆ ಈ ಬ್ರೋಷರ್ ಅಂದ್ರೆ ಕರ್ನಾಟಕ ಗಡಿಯ ತಲಪಾಡಿ ದಾಟಿದ ಮೇಲಿನ ಕಥೆ.

ಯುಜಿಸಿ ವೆಬ್‌ಸೈಟಲ್ಲಿ ಹೆಸರು ಉಂಟಾ ಅಂತ ನೋಡುದು ಐದು ನಿಮಿಷದ ಕೆಲಸ, ನಾನೇ ನೋಡಿ ಹೇಳ್ತೇನೆ, ಅದಕ್ಕೆ ಚಾರ್ಜ್ ಇಲ್ಲ. ಇದು ತಮಾಷೆ ಅಲ್ಲ, ಛತ್ತೀಸ್‌ಗಢದಲ್ಲಿ 2002ರ ಒಂದು ಕಾನೂನು ಹಿಡ್ಕೊಂಡು ನೂರಕ್ಕೂ ಹೆಚ್ಚು ಪ್ರೈವೇಟ್ ಯೂನಿವರ್ಸಿಟಿ ಎದ್ದಿತ್ತು, ಕೆಲವಕ್ಕೆ ಸರಿಯಾದ ಕಟ್ಟಡವೂ ಇಲ್ಲ, ಕೊನೆಗೆ 2005ರಲ್ಲಿ ಸುಪ್ರೀಂ ಕೋರ್ಟು ಆ ಕಾನೂನಿನ ಭಾಗವನ್ನೇ ರದ್ದು ಮಾಡ್ತು. ಯುಜಿಸಿಯ ಫೇಕ್ ಲಿಸ್ಟಲ್ಲಿ ಕೇರಳದ "ಕಿಶನಟ್ಟಂ" ಅನ್ನುವ ಊರಿನ ಒಂದು ಯೂನಿವರ್ಸಿಟಿ ವರ್ಷಗಟ್ಟಲೆ ಇತ್ತು. ಕಿಶನಟ್ಟಂ ಎಲ್ಲಿ ಅಂತ ಮ್ಯಾಪಲ್ಲಿ ಹುಡುಕಿ, ಸಿಕ್ಕಿದ್ರೆ ನನಗೂ ಹೇಳಿ.

ಸರಿ, ಹೆಸರು ಲಿಸ್ಟಲ್ಲಿ ಉಂಟು ಅಂತ ಇಟ್ಕೊಳ್ಳುವ. ಇನ್ನು ಬ್ರೋಷರ್. ಎರಡನೇ ಪುಟದಲ್ಲಿ ಮಿಶನ್ ಅಂತ ಇರ್ತದೆ, ಅದರ ಕೆಳಗೆ ವ್ಯಾಲ್ಯೂಸ್. ಮೌಲ್ಯಾಧಾರಿತ ಶಿಕ್ಷಣ, ಸರ್ವತೋಮುಖ ಬೆಳವಣಿಗೆ, ಜಾಗತಿಕ ಮಟ್ಟ, ಸಮಾಜಮುಖಿ ನಾಯಕರು. ನಾನೊಮ್ಮೆ ಮಳೆ ಬಂದು ನೆಟ್ ಇಲ್ಲದ ದಿನ ಕೂತು ಮೂರು ಬ್ರೋಷರಿನ ಆ ಪುಟ ಮಾತ್ರ ಹರಿದು ಕಲಸಿ ನಮ್ಮ ಸೆಂಟರಿನ ಹುಡುಗಿಯ ಹತ್ತಿರ ಯಾವುದು ಯಾವುದರದ್ದು ಹೇಳು ಅಂದೆ. ಅವಳಿಗೂ ಗೊತ್ತಾಗ್ಲಿಲ್ಲ, ಆಮೇಲೆ ನನಗೂ ಗೊತ್ತಾಗ್ಲಿಲ್ಲ. ಸುಳ್ಳು ಅಂತ ಹೇಳ್ತಾ ಇಲ್ಲ. ಮದುವೆ ಕಾಗದದಲ್ಲಿ "ನಿಮ್ಮ ಉಪಸ್ಥಿತಿಯನ್ನು ಬಯಸುವ" ಅಂತ ಎಲ್ಲರೂ ಹಾಕ್ತಾರೆ, ಊಟ ಹೇಗಿತ್ತು ಅಂತ ಹೋದವರ ಹತ್ತಿರವೇ ಕೇಳ್ಬೇಕಲ್ಲ, ಹಾಗೆ.

ಆ ಊಟದ ವಿಷಯವೇ ಸ್ಟೂಡೆಂಟ್ ಸಪೋರ್ಟ್ ಅಂತ ಬರೆದ ಪುಟ. ಒಳ್ಳೇ ಮಾರ್ಕಿನ, ಇಂಗ್ಲಿಷ್ ಮೀಡಿಯಂ, ಅಪ್ಪ ಗಲ್ಫಲ್ಲಿರುವ ಮಕ್ಕಳು ಎಲ್ಲಿ ಹಾಕಿದ್ರೂ ಬೆಳೀತಾರೆ, ಅವರನ್ನು ನೋಡಿ ಕಾಲೇಜು ಒಳ್ಳೇದು ಅಂತ ಹೇಳುದರಲ್ಲಿ ಅರ್ಥ ಇಲ್ಲ. ಮೊದಲ ಸೆಮಿಸ್ಟರಲ್ಲಿ ಮಗು ಬಿದ್ರೆ ಅಲ್ಲಿ ಅದನ್ನು ಯಾರು ನೋಡ್ತಾರೆ? ನನಗೆ ಗೊತ್ತಾಗ್ಬೇಕಾದ್ದು ಅಷ್ಟೇ.

ಯಾಕೆ ಇಷ್ಟು ಹೇಳ್ತೇನೆ ಅಂದ್ರೆ ನನ್ನ ಅಕ್ಕನ ಮಗಳದ್ದೇ ಕಥೆ. ಹತ್ತರವರೆಗೆ ಕನ್ನಡ ಮೀಡಿಯಂ, ಮನೆಯಲ್ಲಿ ತುಳು, ವಿಲೇಜ್ ಆಫೀಸಲ್ಲಿ ಮಲಯಾಳ, ಕ್ಲಾಸಲ್ಲಿ ಒಮ್ಮೆಲೇ ಪೂರ್ತಿ ಇಂಗ್ಲಿಷ್. ಗಡಿ ಆಚೆಯ ಒಂದು ಯೂನಿವರ್ಸಿಟಿ, ಹೆಸರು ಬೇಡ. ಅಲ್ಲಿ ಅವಳು "ಕೇರಳದವಳು", ಮಲಯಾಳಿ ಮಕ್ಕಳ ಗುಂಪಿಗೆ ಹೋದ್ರೆ "ಕನ್ನಡದವಳು". ಮೊದಲ ಸೆಮಿಸ್ಟರಲ್ಲಿ ಎರಡು ಸಬ್ಜೆಕ್ಟು ಹೋಯ್ತು. ಬ್ರೋಷರಲ್ಲಿ ಪ್ರತಿ ಮಗುವಿಗೂ ಒಬ್ಬ ಮೆಂಟರ್ ಅಂತ ಇತ್ತು, ಇದ್ರು ಕೂಡ, ಪಟ್ಟಿಯಲ್ಲಿ ಇವಳ ಹೆಸರಿನ ಎದುರು ಒಬ್ಬ ಸರ್ ಹೆಸರೂ ಉಂಟು, ಆದ್ರೆ ಅವರಿಗೆ ಇವಳು ಯಾರು ಅಂತ ಗೊತ್ತಿಲ್ಲ, ಇವಳಿಗೆ ಅವರ ರೂಮು ಎಲ್ಲಿ ಅಂತ ಗೊತ್ತಿಲ್ಲ. ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್‌ನವರು ಬಂದಾಗ ಮೆಂಟರ್‌ಗೆ ಎಷ್ಟು ಮಕ್ಕಳು ಅಂತ ಕೇಳ್ತಾರೆ, ಹಾಗಾಗಿ ಪಟ್ಟಿ ಇದ್ದೇ ಇರ್ತದೆ, ಪಟ್ಟಿ ನೋಡಿ ಮರುಳಾಗ್ಬೇಡಿ. ಕೌನ್ಸೆಲಿಂಗ್ ರೂಮು ಇತ್ತು, ಪ್ರಿನ್ಸಿಪಾಲ್ ಆಫೀಸಿನ ಪಕ್ಕದಲ್ಲೇ, ಗ್ಲಾಸಿನ ಬಾಗಿಲು. ಯಾವ ಮಗು ಅಷ್ಟು ಜನ ನೋಡ್ತಾ ಇರುವಾಗ ಒಳಗೆ ಹೋಗಿ ಅಳ್ತದೆ ಹೇಳಿ.

ಕೊನೆಗೆ ಅವಳನ್ನು ಎತ್ತಿದ್ದು ಯಾರು ಗೊತ್ತುಂಟಾ, ಬೆಳಗ್ಗಿನ ಮಂಗಳೂರು ಪ್ಯಾಸೆಂಜರಿನಲ್ಲಿ ಸೀಸನ್ ಟಿಕೆಟಲ್ಲಿ ಹೋಗುವ ಕುಂಬಳೆಯ ಒಬ್ಬ ಸೀನಿಯರ್ ಹುಡುಗಿ. ಕುಂಬಳೆಯಿಂದ ಉಳ್ಳಾಲದವರೆಗೆ ಬೋಗಿಯಲ್ಲೇ ಅಕೌಂಟ್ಸ್ ಹೇಳಿಕೊಟ್ಟದ್ದು, ಕನ್ನಡ, ತುಳು, ಮಲಯಾಳ ಮೂರೂ ಕಲಸಿ. ಯೂನಿವರ್ಸಿಟಿಯ ಮಿಶನ್ನಿನಲ್ಲಿ ಆ ರೈಲಿನ ಹೆಸರು ಇಲ್ಲ.

ಹಾಗಂತ ಎಲ್ಲಾ ಕಡೆ ಹೀಗೆ ಅಂತ ಅಲ್ಲ. ನಮ್ಮ ಊರಿನ ಇನ್ನೊಬ್ಬ ಹುಡುಗನಿಗೆ ಹಾಸ್ಟೆಲಲ್ಲಿ ಒಂದು ತಿಂಗಳು ನಿದ್ದೆಯೇ ಇಲ್ಲ, ವಾರ್ಡನ್ ಗಮನಿಸಿ ಕೌನ್ಸೆಲರ್ ಹತ್ತಿರ ಕಳಿಸಿದ್ರು, ಆ ಮೇಡಂಗೆ ತುಳು ಬರ್ತಿತ್ತು, ಅಷ್ಟರಲ್ಲೇ ಅರ್ಧ ಗುಣ ಆಯ್ತು ಅಂತ ಅವನ ಅಮ್ಮ ಈಗ್ಲೂ ಹೇಳ್ತಾರೆ. ಹಾಗಾಗಿ ಕೌನ್ಸೆಲರ್ ಇದ್ದಾರಾ ಅಂತ ಕೇಳುದಕ್ಕಿಂತ ಅವರಿಗೆ ಯಾವ ಭಾಷೆ ಬರ್ತದೆ, ವಾರಕ್ಕೆ ಎಷ್ಟು ದಿನ ಬರ್ತಾರೆ ಅಂತ ಕೇಳಿ. ಕಾಲೇಜಲ್ಲಿ ಹೇಳ್ಲಿಕ್ಕೆ ನಾಚಿಕೆ ಆಗುವ ಮಕ್ಕಳಿಗೆ 14416 ಅಂತ ಸರ್ಕಾರದ ಟೆಲಿಮಾನಸ್ ಉಂಟು, ಮನಸ್ಸಿನ ಕಷ್ಟ ಫೋನಲ್ಲಿ ಹೇಳ್ಲಿಕ್ಕೆ, ರಾತ್ರಿ ಹಗಲು, ದುಡ್ಡಿಲ್ಲ, 2022ರಲ್ಲಿ ಶುರು ಆದದ್ದು. ರ‍್ಯಾಗಿಂಗಿಗೆ 1800-180-5522. ಅಡ್ಮಿಶನ್ ಟೈಮಲ್ಲಿ ಮಕ್ಕಳೂ ಹೆತ್ತವರೂ ಕೊಡುವ ಆ್ಯಂಟಿ ರ‍್ಯಾಗಿಂಗ್ ಅಫಿಡವಿಟ್ ನಾನೇ ನೂರಾರು ತುಂಬಿಸಿದ್ದೇನೆ, 2009ರ ಯುಜಿಸಿ ನಿಯಮ ಅದು, ಯಾರೂ ಓದದೆ ಸೈನ್ ಹಾಕುದು, ಒಮ್ಮೆ ಓದಿ.

ಈಗ ದುಡ್ಡಿನ ವಿಷಯ, ಇಲ್ಲಿ ನನಗೆ ಸ್ವಲ್ಪ ಸಿಟ್ಟುಂಟು. ಕಳೆದ ಸಲ ಒಬ್ಬ ಹುಡುಗ ಪ್ರೈವೇಟಲ್ಲಿ ಸೀಟು ಹಿಡಿದು ಫೀಸು ಕಟ್ಟಿದ, ಆಮೇಲೆ ಅವನಿಗೆ ಪೆರಿಯದ ಸೆಂಟ್ರಲ್ ಯೂನಿವರ್ಸಿಟಿಯಲ್ಲಿ ಸೀಟು ಆಯ್ತು. ಖುಷಿಯಲ್ಲಿ ಹೋಗಿ ಸರ್ಟಿಫಿಕೇಟ್ ಕೇಳಿದ್ರೆ ಕೊಡುದಿಲ್ಲ, ಪೂರ್ತಿ ಕೋರ್ಸಿನ ಫೀಸು ಕಟ್ಟಿ ತಕ್ಕೊಂಡು ಹೋಗು ಅಂತ. ಅಪ್ಪ ಅಡಿಕೆ ಸುಲಿಯುವ ಕೆಲಸದವರು, ಬೆಂಚಲ್ಲಿ ಕೂತು ನಡುಗ್ತಾ ಇದ್ರು. ಒರಿಜಿನಲ್ ಸರ್ಟಿಫಿಕೇಟ್ ಇಟ್ಕೊಳ್ಳುವ ಹಾಗೇ ಇಲ್ಲ, ಅದು 2018ರ ಯುಜಿಸಿ ನೋಟಿಫಿಕೇಶನ್ನಿನಲ್ಲೇ ಉಂಟು. ಫೀಸು ವಾಪಸಿಗೂ ಅದರಲ್ಲಿ ಲೆಕ್ಕ ಉಂಟು, ಅಡ್ಮಿಶನ್ನಿನ ಕೊನೇ ದಿನಕ್ಕೆ 15 ದಿನ ಅಥವಾ ಹೆಚ್ಚು ಇರುವಾಗಲೇ ಬಿಟ್ರೆ ಪೂರ್ತಿ, ಅದರ ನಂತರ ಕೊನೇ ದಿನದ ಒಳಗೆ ಶೇ. 90, ಕೊನೇ ದಿನ ಕಳೆದು 15 ದಿನದೊಳಗೆ 80, ಮತ್ತೆ 30 ದಿನದವರೆಗೆ ಅರ್ಧ, ಆಮೇಲೆ ಸೊನ್ನೆ. ಪೂರ್ತಿ ವಾಪಸ್ ಕೊಡುವಾಗಲೂ ಪ್ರಾಸೆಸಿಂಗ್ ಅಂತ ಹಿಡಿಯುದು 5000 ರೂಪಾಯಿಗಿಂತ ಜಾಸ್ತಿ ಇರ್ಬಾರ್ದು. ಇದನ್ನೆಲ್ಲ ಹಾಕಿ ಒಂದು ಲೆಟರ್ ಟೈಪ್ ಮಾಡಿ ಕೊಟ್ಟೆ, ಎರಡು ವಾರದಲ್ಲಿ ಸರ್ಟಿಫಿಕೇಟ್ ಕೈಗೆ ಬಂತು. ಮರ್ಯಾದೆಯಲ್ಲಿ ಕೇಳಿದ್ದಕ್ಕಲ್ಲ, ನೋಟಿಫಿಕೇಶನ್ ಅಂತ ಬರೆದದ್ದಕ್ಕೆ.

ಇದಕ್ಕೇ ಯುಜಿಸಿ 2023ರಲ್ಲಿ ಇನ್ನೊಂದು ನಿಯಮ ತಂತು, ಪ್ರತಿ ಸಂಸ್ಥೆಯಲ್ಲಿ ಮಕ್ಕಳ ದೂರು ಕೇಳುವ ಕಮಿಟಿ, ಅದರ ತೀರ್ಮಾನ ಸರಿ ಅನ್ನಿಸದಿದ್ರೆ ಮೇಲೆ ಒಂಬುಡ್ಸ್‌ಪರ್ಸನ್, ಅಂದ್ರೆ ಅಪೀಲು ಕೇಳುವವರು. ಪ್ರೈವೇಟಿನವರು ಮಾತ್ರ ಕಳ್ಳರು ಅಂತ ಹೇಳುವವರಿಗೆ ಒಂದು ಲೆಕ್ಕ: 2024ರಲ್ಲಿ ಒಂಬುಡ್ಸ್‌ಪರ್ಸನ್ ನೇಮಕ ಮಾಡದ 157 ಯೂನಿವರ್ಸಿಟಿಗಳ ಪಟ್ಟಿ ಯುಜಿಸಿಯೇ ಹೊರಗೆ ಹಾಕ್ತು, ಅದರಲ್ಲಿ 108 ಸರ್ಕಾರಿ, 47 ಪ್ರೈವೇಟ್, 2 ಡೀಮ್ಡ್. ಹಾಗಾಗಿ ಸರ್ಕಾರಿ ಅಂದ ಕೂಡ್ಲೇ ನಿಶ್ಚಿಂತೆ ಅಂತಲೂ ಇಲ್ಲ. ವೆಬ್‌ಸೈಟಲ್ಲಿ ಒಂಬುಡ್ಸ್‌ಪರ್ಸನ್ ಹೆಸರು, ಫೋನ್ ನಂಬರ್ ಹಾಕಿದ್ದಾರಾ ನೋಡಿ, ಹಾಕಿದ್ರೆ ಅವರ ವ್ಯಾಲ್ಯೂಸ್ ಪುಟ ಓದುವ ಅಗತ್ಯವೂ ಇಲ್ಲ.

ಲೋನ್ ಬಗ್ಗೆ ಬ್ಯಾಂಕಿನವರೇ ಹೇಳ್ತಾರೆ, ನಾನು ಚಿಕ್ಕದಾಗಿ ಹೇಳ್ತೇನೆ. 4 ಲಕ್ಷದವರೆಗೆ ಅಡವು ಕೇಳುದಿಲ್ಲ, ಕೇಂದ್ರದ ಸಾಲ ಗ್ಯಾರಂಟಿ ಸ್ಕೀಮಿನಲ್ಲಿ ಏಳೂವರೆ ಲಕ್ಷದವರೆಗೂ ಆಗ್ತದೆ. ತೋಟದ ದಾಖಲೆ ಹಿಡ್ಕೊಂಡು ಮೊದಲೇ ಓಡ್ಬೇಡಿ. ಸ್ಕಾಲರ್‌ಶಿಪ್ಪಲ್ಲಿ ಮಾತ್ರ ನಮ್ಮ ಮಕ್ಕಳು ಅತ್ತಲೂ ಇಲ್ಲ ಇತ್ತಲೂ ಇಲ್ಲ, ಕರ್ನಾಟಕದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿ ಅಲ್ಲಿನವರಿಗೆ, ಕೇರಳದ್ದು ಹೊರ ರಾಜ್ಯದಲ್ಲಿ ಓದುವವರಿಗೆ ಸಿಗ್ತದಾ ಅಂತ ಪ್ರತಿ ಕೇಸಿಗೂ ಬೇರೆ ಬೇರೆ ಕೇಳ್ಬೇಕು. ಯೂನಿವರ್ಸಿಟಿ ಕೊಡುವ ಸ್ಕಾಲರ್‌ಶಿಪ್ ಅಂತ ಬ್ರೋಷರಲ್ಲಿ ಉಂಟಲ್ಲ, ಅದು ಮೊದಲ ವರ್ಷಕ್ಕೆ ಮಾತ್ರವಾ, ಒಂದು ಸಬ್ಜೆಕ್ಟ್ ಹೋದ್ರೆ ನಿಲ್ತದಾ, ಬರೆದು ಕೊಡಿ ಅಂತ ಕೇಳಿ. ಬಾಯಲ್ಲಿ ಹೇಳಿದ್ದು ಗಡಿ ದಾಟಿ ಬರುದಿಲ್ಲ.

ಕರ್ನಾಟಕದ ಹಲವು ಪ್ರೈವೇಟ್ ಯೂನಿವರ್ಸಿಟಿಗಳಲ್ಲಿ ಶೇ. 40 ಸೀಟು ಸರ್ಕಾರದ ಕೋಟಾ. ಇಂಜಿನಿಯರಿಂಗ್ ಅಂತ ಹೋಗುವವರು ಸಿಇಟಿ ಬರೆದು ಗಡಿನಾಡ ಕನ್ನಡಿಗರ ವಿಭಾಗದಲ್ಲಿ ಅರ್ಜಿ ಹಾಕ್ಬಹುದು, ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕಿನಲ್ಲಿ ಏಳು ವರ್ಷ ಓದಿರ್ಬೇಕು, ಮಾತೃಭಾಷೆ ಕನ್ನಡವೋ ತುಳುವೋ ಕೊಡವವೋ ಆಗಿರ್ಬೇಕು, ಕನ್ನಡ ಪರೀಕ್ಷೆಯೂ ಉಂಟು. ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ ಕಡೆಯವರಿಗೂ ಇದೇ. ಇದು ಗೊತ್ತಿಲ್ಲದೆ ಏಜೆಂಟ್ ಹೇಳಿದ ಮ್ಯಾನೇಜ್‌ಮೆಂಟ್ ಸೀಟಿಗೆ ದುಡ್ಡು ಸುರಿದವರನ್ನು ನೋಡಿದ್ದೇನೆ. ಇನ್ನೊಂದು, ಆಚೆಯ ಡಿಗ್ರಿ ಹಿಡ್ಕೊಂಡು ಮುಂದೆ ಕೇರಳ ಪಿಎಸ್‌ಸಿಗೆ ಹೋಗುವವರಿಗೆ ಈಕ್ವಿವಲೆನ್ಸಿ (ಇಲ್ಲಿನ ಡಿಗ್ರಿಗೆ ಸಮ ಅಂತ) ಅಥವಾ ರೆಕಗ್ನಿಶನ್ ಸರ್ಟಿಫಿಕೇಟ್ ಕೇಳುದುಂಟು, ಕೋರ್ಸಿನ ಹೆಸರು ಫ್ಯಾನ್ಸಿ ಆದಷ್ಟು ತಲೆನೋವು ಜಾಸ್ತಿ. ಸುಮ್ಮನೆ ಬಿಕಾಂ ಅಂತ ಇದ್ರೆ ಸುಲಭ.

ಗಡಿ ಅಂದ ಮೇಲೆ 2020 ನೆನಪಾಗ್ತದೆ. ಕೊರೊನಾ ಟೈಮಲ್ಲಿ ರಸ್ತೆಗಳಿಗೆ ಮಣ್ಣು ಹಾಕಿ ಮುಚ್ಚಿದ್ರಲ್ಲ, ಮತ್ತೆ 2021ರಲ್ಲಿ ಆರ್‌ಟಿಪಿಸಿಆರ್ ರಿಪೋರ್ಟ್ ಇಲ್ಲದೆ ತಲಪಾಡಿ ದಾಟ್ಲಿಕ್ಕೆ ಬಿಡ್ಲಿಲ್ಲ. ಆಗ ನಮ್ಮ ಮಕ್ಕಳ ಅಟೆಂಡೆನ್ಸಿಗೆ, ಇಂಟರ್ನಲ್ ಮಾರ್ಕಿಗೆ ಎಂತ ಮಾಡಿದ್ರು ಅಂತ ಆಗ ಅಲ್ಲಿ ಓದಿದವರ ಹತ್ತಿರ ಕೇಳಿ. ಒಂದು ಕಡೆ ಟೀಚರುಗಳೇ ಫೋನ್ ಮಾಡಿ ನೋಟ್ಸ್ ಕಳಿಸಿದ್ದೂ ಗೊತ್ತು, ಇನ್ನೊಂದು ಕಡೆ ಬಸ್ ಫೀಸು ಪೂರ್ತಿ ವಸೂಲಿ ಮಾಡಿದ್ದೂ ಗೊತ್ತು, ಬಸ್ಸು ಓಡದಿದ್ರೂ.

ಹೋದ ಜೂನಲ್ಲಿ ಪೆರ್ಲ ಕಡೆಯ ಒಬ್ರು ಮಾವ ಬಂದಿದ್ರು, ಹೀಗೇ ಬ್ರೋಷರ್ ಹಿಡ್ಕೊಂಡು. ಇಷ್ಟೆಲ್ಲ ಹೇಳಿದ್ರೆ ಅವರಿಗೆ ತಲೆ ತಿರುಗ್ತದೆ ಅಂತ ಒಂದೇ ಹೇಳಿದೆ, ಅಡ್ಮಿಶನ್ ಆಫೀಸಿಗಲ್ಲ, ಹಾಸ್ಟೆಲಿಗೆ ರಾತ್ರಿ ಹತ್ತು ಗಂಟೆಗೆ ಒಂದು ಫೋನ್ ಮಾಡಿ ನೋಡಿ ಅಂತ. ಮಾಡಿದ್ರಂತೆ ಎರಡು ಕಡೆ. ಒಂದರಲ್ಲಿ ರಿಂಗ್ ಆಗಿ ಆಗಿ ಕಟ್ ಆಯ್ತು. ಇನ್ನೊಂದರಲ್ಲಿ ವಾರ್ಡನ್ ಎತ್ತಿ "ಇಷ್ಟು ಹೊತ್ತಿಗಾ ಫೋನ್ ಮಾಡುದು? ಯಾವ ಮಗು, ಎಂತ ಆಯ್ತು?" ಅಂತ ಜೋರು ಮಾಡಿದ್ರಂತೆ. "ಬೈದ್ರು ಮಾರಾಯ" ಅಂದ್ರು ಮಾವ, "ಆದ್ರೆ ಎತ್ತಿದ್ರಲ್ಲ." ಮಗಳನ್ನು ಅಲ್ಲಿಗೇ ಸೇರಿಸಿದ್ರು. ಮೊನ್ನೆ ಎರಡನೇ ಸೆಮಿಸ್ಟರಿನ ಫೀಸು ಆನ್‌ಲೈನ್ ಕಟ್ಲಿಕ್ಕೆ ಬಂದಾಗ ಜೊತೆಗೆ ಒಂದು ಗೊನೆ ಕದಳಿ ಬಾಳೆಹಣ್ಣು ತಂದಿದ್ರು, ಅರ್ಧ ನನಗೆ, ಅರ್ಧ ಆ ವಾರ್ಡನ್ನಿಗೆ ಅಂತ.