ಹಿಮಯುಗ ಬಂದರೆ ಡೋಣಿ ದಂಡೆಯಲ್ಲಿ ಯಾರು ಉಳಿಯುತ್ತಾರೆ?

"ಸರ್, ಮತ್ತ ಹಿಮಯುಗ ಬಂದ್ರ ಮನಷ್ಯಾ ಉಳೀತಾನೇನ್ರಿ?"

ತಾಳಿಕೋಟೆ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಲು ಶುರು ಮಾಡಿದಾಗಿನಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಪ್ರತಿ ವರ್ಷ ಒಂಬತ್ತನೆತ್ತೆಯಲ್ಲಿ ಒಬ್ಬರಾದರೂ ಕೇಳುತ್ತಾರೆ. ಮದುವೆ ಊಟದ ಪಂಕ್ತಿಯಲ್ಲಿ, ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೇಳಿದವರೂ ಇದ್ದಾರೆ. ಮೇ ತಿಂಗಳ ಬಿಸಿಲಿಗೆ ಟವೆಲ್ಲು ತೋಯಿಸಿ ತಲೆಯ ಮೇಲೆ ಹಾಕಿಕೊಂಡ ಹಿರಿಯರೊಬ್ಬರು "ಬರಲಿ ಬಿಡ್ರಿ ಮಾಸ್ತರ, ಒಂದಿಷ್ಟು ತಂಪರ ಆದೀತು" ಅಂದಿದ್ದರು. ನಿಂತ ಕಾಲಲ್ಲಿ ಹೇಳಿ ಮುಗಿಸುವ ಉತ್ತರ ಇದಲ್ಲ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ಮನುಷ್ಯ ಉಳಿಯುತ್ತಾನೆ. ಅದರಲ್ಲಿ ನನಗೆ ಅನುಮಾನವಿಲ್ಲ. ಎಷ್ಟು ಮಂದಿ ಉಳಿಯುತ್ತಾರೆ, ಏನು ತಿಂದು ಉಳಿಯುತ್ತಾರೆ ಅನ್ನುವುದೇ ನನ್ನನ್ನು ಕಾಡುವ ಮಾತು.

ಮಕ್ಕಳ ಕಣ್ಣಮುಂದೆ ಇರುವುದು ಸಿನಿಮಾದ ಚಿತ್ರ. ಗೋಳಗುಮ್ಮಟದ ಮೇಲೆ ಹಿಮ ಕೂತಂತೆ, ಡೋಣಿ ಹೊಳೆ ಗಾಜಿನಂತೆ ಗಟ್ಟಿಯಾದಂತೆ. ಹಾಗಾಗುವುದಿಲ್ಲ. ಸುಮಾರು 21,000 ವರ್ಷಗಳ ಹಿಂದೆ ಕಳೆದ ಹಿಮಯುಗದ ಚಳಿ ತುದಿ ಮುಟ್ಟಿತ್ತು. ಆಗ ಕೆನಡಾದ ಮೇಲೆ ಸುಮಾರು ಮೂರು ಕಿಲೋಮೀಟರ್ ದಪ್ಪದ ಮಂಜುಗಡ್ಡೆ ಕೂತಿತ್ತು, ಯುರೋಪಿನ ಉತ್ತರ ಭಾಗವೂ ಅದರಡಿಗೆ ಹೋಗಿತ್ತು. ಅಷ್ಟು ನೀರು ನೆಲದ ಮೇಲೆ ಹೆಪ್ಪುಗಟ್ಟಿ ಕೂತದ್ದರಿಂದ ಸಮುದ್ರ ಇಂದಿಗಿಂತ 120 ಮೀಟರಿನಷ್ಟು ಕೆಳಗಿತ್ತು. ರಾಮೇಶ್ವರದಿಂದ ಲಂಕೆಗೆ ನಡೆದೇ ಹೋಗಬಹುದಿತ್ತು. ನಮ್ಮ ಬಯಲಿನಲ್ಲಿ ಮಾತ್ರ ಹಿಮ ಬೀಳಲಿಲ್ಲ. ಹವೆ ಕೆಲವು ಡಿಗ್ರಿ ತಂಪಾಯಿತು, ಮತ್ತು ಮಳೆ ಸೋತಿತು.

ಮಳೆ ಸೋತದ್ದೇ ನಮ್ಮ ಮಟ್ಟಿಗೆ ಹಿಮಯುಗ. ಬೇಸಿಗೆಯಲ್ಲಿ ನೆಲ ಕಾಯಬೇಕು, ಕಾದ ನೆಲ ಸಮುದ್ರದ ಕಡೆಯ ತೇವದ ಗಾಳಿಯನ್ನು ಎಳೆಯಬೇಕು, ಆಗ ಮುಂಗಾರು. ಸಮುದ್ರ ತಣ್ಣಗಾದರೆ ಆವಿ ಕಡಿಮೆ. ಹಿಮಾಲಯ, ಟಿಬೆಟ್‌ಗಳ ಮೇಲೆ ಹಿಮ ಹೆಚ್ಚು ದಿನ ಕೂತರೆ ಬಿಸಿಲು ಅಲ್ಲಿಂದ ಮೇಲಕ್ಕೇ ಪುಟಿದು ಹೋಗುತ್ತದೆ, ನೆಲ ಕಾಯುವುದಿಲ್ಲ, ಗಾಳಿಯ ಸೆಳೆತವೂ ಕುಂದುತ್ತದೆ. ನೀಲಗಿರಿಯ ಜೌಗಿನಲ್ಲಿ ಸಾವಿರಾರು ವರ್ಷಗಳಿಂದ ಪದರು ಪದರಾಗಿ ಕೂತ ಸಸ್ಯಮಣ್ಣನ್ನು ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದರು. ಹಿಮಯುಗದ ಕಾಲದ ಪದರಿನಲ್ಲಿ ಅವರಿಗೆ ಕಂಡದ್ದು ಒಣ ಹವೆಗೆ ಒಗ್ಗುವ ಹುಲ್ಲಿನ ಗುರುತು. ನೀಲಗಿರಿಯೇ ಹಾಗೆ ಒಣಗಿದ್ದರೆ, ಈಗಲೇ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ವಿಜಯಪುರದ ಗತಿ ಏನಿದ್ದೀತು, ನೀವೇ ಊಹಿಸಿ.

ಹಾಗಿದ್ದೂ ಮನುಷ್ಯ ಉಳಿದ. ಇಲ್ಲೇ ಉಳಿದ. ನಮ್ಮ ಮಲಪ್ರಭೆ ಘಟಪ್ರಭೆಯ ದಂಡೆಗಳಲ್ಲಿ, ಖ್ಯಾಡ, ಅನಗವಾಡಿಯಂಥ ಊರುಗಳ ಬಳಿ ಸಿಕ್ಕ ಕಲ್ಲಿನ ಕೊಡಲಿಗಳು ಕಳೆದ ಹಿಮಯುಗಕ್ಕಿಂತಲೂ ಎಷ್ಟೋ ಹಳೆಯವು. ಅವನ್ನು ಮಾಡಿದ ಕೈಗಳು ಒಂದಲ್ಲ, ಹಲವು ಹಿಮಯುಗ ಕಂಡ ಪೀಳಿಗೆಗಳವು. ಇನ್ನೊಂದು ಸಾಕ್ಷಿ ಹಳೆಯ ಕರ್ನೂಲು ಜಿಲ್ಲೆಯ ಜ್ವಾಲಾಪುರಂನಲ್ಲಿದೆ. ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರಾದ ತೋಬಾ ಜ್ವಾಲಾಮುಖಿ ಸಿಡಿದಾಗ ಅದರ ಬೂದಿ ಅಲ್ಲಿಯವರೆಗೆ ಬಂದು ಬಿದ್ದು, ಮಳೆನೀರಿಗೆ ಹರಿದು ತಗ್ಗಿನಲ್ಲಿ ಆಳೆತ್ತರಕ್ಕೆ ಕೂತಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಅವರಿದ್ದ ತಂಡ ಅಲ್ಲಿ ಅಗೆದು ನೋಡಿದಾಗ ಬೂದಿಯ ಕೆಳಗೂ ಕಲ್ಲಿನ ಹತ್ಯಾರ, ಬೂದಿಯ ಮೇಲೂ ಹೆಚ್ಚುಕಡಿಮೆ ಅದೇ ಬಗೆಯ ಹತ್ಯಾರ. ಆಕಾಶವೇ ಬೂದಿಯಾಗಿ ಇಳಿದ ಮೇಲೂ ಅಲ್ಲಿ ಯಾರೋ ಮತ್ತೆ ಕೂತು ಕಲ್ಲು ಕೆತ್ತಿದ್ದಾರೆ. ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಿಜವಾದ ಹಿಮದ ನಾಡಿನಲ್ಲಿದ್ದವರು ಹೇಗೆ ಬದುಕಿದರು? ಬೆಂಕಿಯಿಂದ ಅನ್ನುತ್ತಾರೆ ಮಕ್ಕಳು. ಬೆಂಕಿ ಸರಿ. ಆದರೆ ನಾನು ತೋರಿಸುವುದು ಸೂಜಿಯನ್ನು. ಸೈಬೀರಿಯಾದಲ್ಲಿ 40 ಸಾವಿರ ವರ್ಷಗಳಷ್ಟು ಹಳೆಯ ಎಲುಬಿನ ಸೂಜಿಗಳು ಸಿಕ್ಕಿವೆ, ದಾರ ಪೋಣಿಸಲು ಕಣ್ಣಿರುವಂಥವು. ತೊಗಲನ್ನು ಮೈಗೆ ಸುಮ್ಮನೆ ಹೊದ್ದರೆ ಗಾಳಿ ಒಳಗೆ ನುಗ್ಗುತ್ತದೆ. ಅಳತೆಗೆ ಕತ್ತರಿಸಿ ಒತ್ತಾಗಿ ಹೊಲಿದರೆ ಮೈಬಿಸಿ ಒಳಗೇ ನಿಲ್ಲುತ್ತದೆ. ನಮ್ಮ ಆಯಿ ಕೌದಿ ಹೊಲಿಯುವಾಗ ಹಳೇ ಸೀರೆ, ಹರಿದ ಧೋತರ ಎಲ್ಲ ಒಂದರ ಮೇಲೊಂದು ಹಾಸಿ, ಅಂಚಿನಿಂದ ಶುರು ಮಾಡಿ ಸುತ್ತುತ್ತ ಸುತ್ತುತ್ತ ನಡುಮಧ್ಯಕ್ಕೆ ಬರುತ್ತಿದ್ದಳು. ಆ ಪದರುಗಳ ನಡುವೆ ನಿಂತ ಗಾಳಿಯೇ ಡಿಸೆಂಬರಿನ ಚಳಿಯಲ್ಲಿ ನಮ್ಮನ್ನು ಬೆಚ್ಚಗಿಟ್ಟದ್ದು. ಸೈಬೀರಿಯಾದ ಆ ತಾಯಂದಿರಿಗೂ ಆಯಿಗೂ ಗೊತ್ತಿದ್ದ ವಿದ್ಯೆ ಒಂದೇ.

ಇಷ್ಟು ಹೇಳಿದರೆ ಮಕ್ಕಳ ಮುಖ ಅರಳುತ್ತದೆ. ಆಮೇಲಿನ ಮಾತು ಕಷ್ಟದ್ದು.

ಆಗ ಉಳಿದವರು ಬಹಳ ಕಡಿಮೆ ಜನ, ಬೇಟೆಯಾಡಿ ಗೆಡ್ಡೆ ಗೆಣಸು ಅಗೆದು ತಿನ್ನುತ್ತ ತಿರುಗುತ್ತಿದ್ದವರು. ಒಂದು ಕಡೆ ನೀರು ಬತ್ತಿದರೆ ಇನ್ನೊಂದು ಕಡೆಗೆ ನಡೆದರು. ಈಗ 800 ಕೋಟಿ ದಾಟಿದ್ದೇವೆ. ನಡೆದು ಹೋಗಲು ಖಾಲಿ ಜಾಗವಿಲ್ಲ, ನಡುವೆ ಗಡಿಗಳಿವೆ. ಮತ್ತು ನಾವು ತಿನ್ನುವುದು ಬಿತ್ತಿ ಬೆಳೆದದ್ದನ್ನು. ಕೃಷಿ ಹುಟ್ಟಿದ್ದು ಹಿಮಯುಗ ಮುಗಿದು, 11,700 ವರ್ಷಗಳ ಹಿಂದೆ ಹವೆ ಒಂದು ಹದಕ್ಕೆ ನಿಂತ ಮೇಲೆ. ಅದಕ್ಕೆ ಮೊದಲು ಅದೇ ಬುದ್ಧಿಯ, ಅದೇ ಕೈಗಳ ಮನುಷ್ಯ ಸಾವಿರಾರು ವರ್ಷ ಇದ್ದ, ಆದರೆ ಎಲ್ಲೂ ಹೊಲ ಮಾಡಿ ನಿಲ್ಲಲಿಲ್ಲ. ಇದಕ್ಕೆ ಒಂದು ಕಾರಣ ಗಾಳಿಯಲ್ಲೇ ಇತ್ತು ಅನ್ನುವ ವಾದವಿದೆ, ನನಗದು ಒಪ್ಪಿಗೆ. ಅಂಟಾರ್ಕ್ಟಿಕಾದಲ್ಲಿ ಮೂರು ಕಿಲೋಮೀಟರ್ ಆಳದವರೆಗೆ ಕೊರೆದು ತೆಗೆದ ಮಂಜುಗಡ್ಡೆಯ ಗುಳ್ಳೆಗಳಲ್ಲಿ 8 ಲಕ್ಷ ವರ್ಷಗಳ ಗಾಳಿ ಸಿಕ್ಕಿಬಿದ್ದಿದೆ. ಹಿಮಯುಗದ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷ ಪಾಲಿಗೆ ಬರೀ 190 ಪಾಲಿನ ಸುತ್ತ; ಕಾರ್ಖಾನೆಗಳು ಬರುವ ಮುನ್ನ 280; ಈಗ 420 ದಾಟಿದೆ. ಗಿಡದ ಆಹಾರವೇ ಅದು. 190ರಲ್ಲಿ ಗೋಧಿ, ಭತ್ತ ಸೊರಗುತ್ತವೆ. ಜೋಳ, ಸಜ್ಜೆ, ನವಣೆಗಳ ಎಲೆಯೊಳಗಿನ ಏರ್ಪಾಡು ಬೇರೆ, ಇದ್ದಷ್ಟು ಇಂಗಾಲವನ್ನು ಒಂದೆಡೆ ಕೂಡಿಸಿಕೊಂಡು ಬಳಸುತ್ತವೆ, ನೀರೂ ಕಡಿಮೆ ಸಾಕು. ಅಂಥ ಗಾಳಿಯಲ್ಲಿ ಬೇರೆ ಬೆಳೆ ಸೋತರೂ ನಮ್ಮ ಜೋಳ ತಕ್ಕಮಟ್ಟಿಗೆ ತಡೆದೀತು. ಆದರೆ ಅದಕ್ಕೂ ಹೂಬಿಡುವಾಗ ಕೊರೆಯುವ ಚಳಿ ಆಗದು.

ಮಳೆ ಕೈಕೊಟ್ಟರೆ ಈ ಜಿಲ್ಲೆಗೆ ಏನಾಗುತ್ತದೆ ಎಂದು ತಿಳಿಯಲು ಹಿಮಯುಗದವರೆಗೆ ಹೋಗಬೇಕಿಲ್ಲ. "ಡೋಣಿ ಬೆಳೆದ್ರ ಓಣೆಲ್ಲ ಜ್ವಾಳ" ಅನ್ನುವ ಈ ನಾಡಿಗೆ ಆಗ ಕಲಾದಗಿ ಜಿಲ್ಲೆ ಅಂತ ಹೆಸರು. 1872ರ ಜನಗಣತಿಯಲ್ಲಿ ಇಲ್ಲಿ 8 ಲಕ್ಷ 16 ಸಾವಿರ ಜನ. 1881ರಲ್ಲಿ 6 ಲಕ್ಷ 38 ಸಾವಿರ. ನಡುವೆ ಬಂದದ್ದು 1876ರಿಂದ 78ರ ಬರ. ಸತ್ತವರು, ಊರು ಬಿಟ್ಟವರು ಸೇರಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಇಲ್ಲವಾದರು. ಅದೇ ವರ್ಷಗಳಲ್ಲಿ ಹಿಂದುಸ್ತಾನದ ಬಂದರುಗಳಿಂದ ಗೋಧಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಲ್ಲಲಿಲ್ಲ. ಇದನ್ನು ಬರೆಯುವಾಗ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ. ದೇಶದಲ್ಲಿ ಕಾಳಿತ್ತು. ಹಸಿದವನ ಗಂಗಾಳಕ್ಕೆ ಬರಲಿಲ್ಲ.

ಆದ್ದರಿಂದ ಯಾರಾದರೂ ಉಳಿವಿನ ಮಾತೆತ್ತಿದರೆ ನನಗೆ ನೆನಪಾಗುವುದು ಹಗೇವು. ಗೊತ್ತಿಲ್ಲದ ಹುಡುಗರಿಗೆ ಹೇಳುತ್ತೇನೆ: ಹಗೇವು ಅಂದರೆ ನೆಲದಾಳದ ಕಣಜ. ಮೇಲೆ ಮನುಷ್ಯ ಇಳಿಯುವಷ್ಟೇ ಬಾಯಿ, ಒಳಗೆ ಕೋಣೆಯಷ್ಟು ಅಗಲ. ಸುತ್ತಲೂ ಕಣಕಿ, ಹೊಟ್ಟು ಒತ್ತಿ ನಡುವೆ ಜೋಳ ಸುರಿದು, ಬಾಯಿಗೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಕಾಳು ಸಣ್ಣಗೆ ಉಸಿರಾಡುತ್ತ ಒಳಗಿನ ಆಮ್ಲಜನಕವನ್ನು ತೀರಿಸಿ ಇಂಗಾಲದ ಡೈಆಕ್ಸೈಡ್ ತುಂಬಿಸುತ್ತದೆ. ಹುಳ ಬದುಕುವುದಿಲ್ಲ, ಜೋಳ ವರ್ಷಗಟ್ಟಲೆ ಕೆಡುವುದಿಲ್ಲ. ನಾನು ಎಂಟು ವರ್ಷದವನಿದ್ದಾಗ ನಮ್ಮ ಕಾಕಾ ಹಗೇವು ತೆಗೆದದ್ದು ನೆನಪಿದೆ. ಕಲ್ಲು ಸರಿಸಿ ಯಾರನ್ನೂ ಹತ್ತಿರ ಬಿಡಲಿಲ್ಲ. ಅರ್ಧ ದಿನ ಬಾಯಿ ತೆರೆದಿಟ್ಟು, ಕಂದೀಲಿಗೆ ಹಗ್ಗ ಕಟ್ಟಿ ಮೆಲ್ಲಗೆ ಇಳಿಬಿಟ್ಟ. ಮೊಳದಷ್ಟು ಇಳಿದದ್ದೇ ದೀಪ ಪುಕ್ಕನೆ ಆರಿತು. "ಇನ್ನೂ ಉಸರು ಐತಿ ಒಳಗ, ತಡೀರಿ" ಅಂದ. ಸಂಜೆಗೆ ಮತ್ತೆ ಇಳಿಬಿಟ್ಟಾಗ ದೀಪ ತಳದವರೆಗೆ ಉರಿಯಿತು. ಆಮೇಲೆ ಬುಟ್ಟಿಯಲ್ಲಿ ಮೇಲೆ ಬಂದ ಜೋಳ, ಅದರ ಬೆಚ್ಚಗಿನ ಮುಗ್ಗು ವಾಸನೆ! ಬದಿಯ ಕಾಳು ಕಂದಿತ್ತು, ನಡುವಿನದು ಮುತ್ತಿನಂತೆ ಇತ್ತು. ಮೊದಲ ಬುಟ್ಟಿ ನಮ್ಮ ಮನೆಗಲ್ಲ, ಆ ವರ್ಷ ಬೆಳೆ ಬಾರದ ಓಣಿಯ ಮೂರು ಮನೆಗಳಿಗೆ ಹೋಯಿತು. ಬಿತ್ತುವ ಕಾಳು ಬೇರೆಯೇ, ಬೂದಿ ಕಲಸಿ ಮಡಿಕೆಯಲ್ಲಿ ಇಡುತ್ತಿದ್ದರು. ತಿನ್ನುವುದನ್ನೂ ಬಿತ್ತುವುದನ್ನೂ ಒಂದೇ ಕಡೆ ಇಡಬಾರದು ಎಂಬ ಆ ವಿವೇಕಕ್ಕೆ ಯಾವ ವಿಜ್ಞಾನಿಯೂ ತಲೆಬಾಗಬೇಕು.

ಇಡೀ ಜಗತ್ತಿಗೂ ಈಗ ಅಂಥದೊಂದು ಮಡಿಕೆ ಇದೆ. ಉತ್ತರ ಧ್ರುವಕ್ಕೆ ಹತ್ತಿರದ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ, ಬೆಟ್ಟ ಕೊರೆದು ಮಾಡಿದ ಬೀಜದ ಕಣಜ. 2008ರಲ್ಲಿ ತೆರೆದದ್ದು, ಒಳಗೆ ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿ. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿರುವ, ಒಣನಾಡಿನ ಬೆಳೆಗಳ ಸಂಶೋಧನೆ ನಡೆಸುವ ಇಕ್ರಿಸ್ಯಾಟ್ ಸಂಸ್ಥೆಯೂ ತನ್ನಲ್ಲಿರುವ ಜೋಳ, ಸಜ್ಜೆ, ಕಡಲೆ, ತೊಗರಿ ತಳಿಗಳ ಒಂದೊಂದು ಪಾಲನ್ನು ಅಲ್ಲಿಟ್ಟಿದೆ. ಸಿರಿಯಾದ ಯುದ್ಧದಲ್ಲಿ ಅಲೆಪ್ಪೋ ಬಳಿಯ ಬೀಜಭಂಡಾರ ಕೈತಪ್ಪಿದಾಗ, 2015ರಲ್ಲಿ ಸ್ವಾಲ್ಬಾರ್ಡಿನಿಂದಲೇ ಬೀಜ ತೆಗೆದು ಬೇರೆ ದೇಶಗಳಲ್ಲಿ ಬಿತ್ತಿ ಮರಳಿ ಬೆಳೆಸಿದರು. ಆ ಕಣಜದ ಬಾಗಿಲ ಸುರಂಗಕ್ಕೇ ಕೆಲವು ವರ್ಷಗಳ ಹಿಂದೆ ನೀರು ನುಗ್ಗಿತ್ತು, ಎಂದೂ ಕರಗದೆಂದು ನಂಬಿದ್ದ ಹೆಪ್ಪುನೆಲ ಕರಗಿ. ಬೀಜಕ್ಕೇನೂ ಆಗಲಿಲ್ಲ.

ಹಾಗಾದರೆ ಹಿಮಯುಗ ಯಾವಾಗ? ಭೂಮಿಯ ಓರೆ, ಅದರ ತೂಗಾಟ, ಸೂರ್ಯನ ಸುತ್ತಿನ ಹಾದಿಯ ಆಕಾರ, ಈ ಮೂರೂ ನಿಧಾನವಾಗಿ ಬದಲಾಗುತ್ತ ಉತ್ತರದ ಬೇಸಿಗೆ ತಂಪಾದಾಗ ಹಿಮ ಕರಗದೆ ಉಳಿದು ಬೆಳೆಯುತ್ತದೆ. ಸರ್ಬಿಯಾದ ಮಿಲುಟಿನ್ ಮಿಲಾಂಕೊವಿಚ್ ಈ ಲೆಕ್ಕವನ್ನು ಕೈಯಲ್ಲೇ ಮಾಡಿದರು, ಮೊದಲ ಮಹಾಯುದ್ಧದಲ್ಲಿ ಬಂಧನದಲ್ಲಿದ್ದಾಗಲೂ ಬಿಡಲಿಲ್ಲ. ಆ ಲೆಕ್ಕ ಹಿಡಿದು ಹೊರಟವರಲ್ಲಿ ಕೆಲವರು ಮುಂದಿನದು 10 ಸಾವಿರ ವರ್ಷದೊಳಗೆ ಬರಬೇಕಿತ್ತು ಅನ್ನುತ್ತಾರೆ, ಕೆಲವರು 50 ಸಾವಿರ. ನಾವು ಸುಟ್ಟ ಕಲ್ಲಿದ್ದಲು ಎಣ್ಣೆಯ ಹೊಗೆ ಅದನ್ನು ಇನ್ನೂ ದೂರ ತಳ್ಳಿದೆ ಅನ್ನುವುದು ಇಬ್ಬರಿಗೂ ಒಪ್ಪಿಗೆ. ಈಗ ನಮ್ಮ ಮುಂದಿರುವುದು ಕಾವು. ಆದರೆ ಕಾವೇ ಇರಲಿ, ದೊಡ್ಡ ಜ್ವಾಲಾಮುಖಿ ತರುವ ಒಂದೆರಡು ವರ್ಷದ ಚಳಿಯೇ ಇರಲಿ, ಅದು ನಮ್ಮ ಬಾಗಿಲಿಗೆ ಬರುವುದು ಮಳೆಯ ದಾರಿಯಿಂದಲೇ.

ಈ ವರ್ಷ ಪ್ರಶ್ನೆ ಕೇಳಿದವಳು ಒಂಬತ್ತನೆತ್ತೆಯ ಹುಡುಗಿ. ಇಷ್ಟೆಲ್ಲ ಕೇಳಿ ಮುಗಿಸಿ, "ಹಂಗಾರ ನಮ್ಮೂರಾಗ ಈಗ ಹಗೇವ ಎಷ್ಟ ಅದಾವ್ರಿ ಸರ್?" ಅಂದಳು. ಭಾನುವಾರ ಇಬ್ಬರು ಗೆಳತಿಯರ ಜೊತೆ ಓಣಿ ಓಣಿ ತಿರುಗಿ ಎಣಿಸಿಕೊಂಡು ಬಂದಳು. ಹದಿನಾಲ್ಕು ಇದ್ದವಂತೆ. ಹನ್ನೆರಡಕ್ಕೆ ಮಣ್ಣು ತುಂಬಿ ಮೇಲೆ ಮನೆ ಕಟ್ಟಿದ್ದಾರೆ, ಒಂದರ ಗೋಡೆ ಕುಸಿದಿದೆ. ಉಳಿದದ್ದು ನಮ್ಮ ಕಾಕಾನದು. ಎಂಬತ್ತು ದಾಟಿದ ಕಾಕಾ ಅವಳ ಪಟ್ಟಿ ನೋಡಿ ಬಹಳ ಹೊತ್ತು ಸುಮ್ಮನಿದ್ದು, ಈ ಸಲದ ಹಿಂಗಾರಿ ಜೋಳ ರಾಶಿಯಾದ ಮೇಲೆ ನಾಲ್ಕು ಚೀಲವಾದರೂ ಅದರಲ್ಲಿ ಹಾಕೋಣ ಅಂದಿದ್ದಾನೆ. ಕಣಕಿ ಹಾಸುವುದು ನನ್ನ ಕೆಲಸ. ತೆಗೆಯುವ ದಿನ ಕಂದೀಲು ಇಳಿಬಿಡುವವಳು ಅವಳೇ ಎಂದು ಈಗಲೇ ಮಾತಾಗಿದೆ.